ಮೊಹರಂನಿಂದ ಬಕ್ರೀದ್‌ವರೆಗೆ: ಮುಸ್ಲಿಂ ಹಬ್ಬಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬ ಹತ್ತಿರ ಬಂದಾಗಲೆಲ್ಲ ಪಕ್ಕದ ಮನೆಯವರು, ಕಚೇರಿಯ ಗೆಳೆಯರು, ಮಕ್ಕಳ ಶಾಲೆಯ ಶಿಕ್ಷಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಲು ಸಂಕೋಚಪಟ್ಟು ಜನ ಒಳಗೇ ಇಟ್ಟುಕೊಳ್ಳುವ ಪ್ರಶ್ನೆಗಳೂ ಕೆಲವಿವೆ. ಕರ್ನಾಟಕದ ಆಚರಣೆಗಳನ್ನು ಕಣ್ಣ ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ. ನಾನು ರಾಯಚೂರು ಸೀಮೆಯವನಾದ್ದರಿಂದ ಆ ಕಡೆಯ ಮಾತು ತುಸು ಹೆಚ್ಚೇ ಬಂದಿದೆ. ಮೊದಲೇ ಹೇಳಿಬಿಡಬೇಕಾದ ಸಂಗತಿ ಒಂದಿದೆ: ಮುಸ್ಲಿಮರ ಪವಿತ್ರ ದಿನಗಳೆಲ್ಲ ಸಂಭ್ರಮದ ದಿನಗಳಲ್ಲ. ಕೆಲವು ಸಂತೋಷದವು, ಕೆಲವು ದುಃಖದವು, ಕೆಲವು ರಾತ್ರಿಯಿಡೀ ಎಚ್ಚರವಿದ್ದು ಪ್ರಾರ್ಥಿಸುವಂಥವು. ಇಷ್ಟು ನೆನಪಿಟ್ಟುಕೊಂಡರೆ ಅರ್ಧದಷ್ಟು ಗೊಂದಲ ತೀರುತ್ತದೆ.

ರಂಜಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಚಳಿಯಲ್ಲಿ ಬರುವುದೇಕೆ?

ಇಸ್ಲಾಮಿ ಪಂಚಾಂಗ ಪೂರ್ತಿಯಾಗಿ ಚಂದ್ರನನ್ನು ನಂಬಿದ್ದು. ತಿಂಗಳಿಗೆ 29 ಅಥವಾ 30 ದಿನ, ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಊರುಗಳ ಚಾಂದ್ರಮಾನ ಪಂಚಾಂಗದಲ್ಲೂ ತಿಂಗಳು ಚಂದ್ರನದೇ. ಆದರೆ ಅಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಋತುಗಳ ಜೊತೆ ಲೆಕ್ಕ ಸರಿಮಾಡುತ್ತಾರೆ. ಆದ್ದರಿಂದಲೇ ದೀಪಾವಳಿ ಎಂದೂ ಬೇಸಿಗೆಗೆ ಜಾರುವುದಿಲ್ಲ. ಇಸ್ಲಾಮಿನಲ್ಲಿ ಹೀಗೆ ತಿಂಗಳು ಸೇರಿಸುವುದನ್ನು ಕುರ್‌ಆನ್ ನಿಷೇಧಿಸಿದೆ. ಹೀಗಾಗಿ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುತ್ತವೆ. 2024ರಲ್ಲಿ ಬೆಂಗಳೂರಿನಲ್ಲಿ ರಂಜಾನ್ ಹಬ್ಬ ಏಪ್ರಿಲ್ 11ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 31ಕ್ಕೆ. ಬಕ್ರೀದ್ ಜೂನ್ 17ರಿಂದ ಜೂನ್ 7ಕ್ಕೆ ಸರಿಯಿತು.

ಸುಮಾರು 33 ವರ್ಷಗಳಲ್ಲಿ ರಂಜಾನ್ ಎಲ್ಲ ಋತುಗಳನ್ನೂ ಒಂದು ಸುತ್ತು ಸುತ್ತಿ ಬರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಗಾರೆ ಕೆಲಸ ಮಾಡುತ್ತಾ ಉಪವಾಸ ಹಿಡಿದವನಿಗೆ, ಅದೇ ಆಯುಸ್ಸಿನಲ್ಲಿ ಡಿಸೆಂಬರಿನ ತಂಪು ಹಗಲಿನ ಉಪವಾಸವೂ ಸಿಗುತ್ತದೆ. ಒಂದೇ ಇಂಗ್ಲಿಷ್ ವರ್ಷದಲ್ಲಿ ಎರಡು ರಂಜಾನ್ ಹಬ್ಬ ಬಂದದ್ದೂ ಉಂಟು: 2000ದ ಜನವರಿಯಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು.

ವರ್ಷದ ಎಣಿಕೆ ಎಲ್ಲಿಂದ ಶುರು?

ಪ್ರವಾದಿ ಮುಹಮ್ಮದರು ಮಕ್ಕಾ ತೊರೆದು ಮದೀನಾಕ್ಕೆ ಹೋದ ಕ್ರಿ.ಶ. 622ರಿಂದ. ಈ ವಲಸೆಯೇ ಹಿಜ್ರಾ, ಆದ್ದರಿಂದ ವರ್ಷವನ್ನು ಹಿಜರಿ ಎನ್ನುತ್ತಾರೆ. ಎಣಿಕೆಯನ್ನು ಹೀಗೆ ಗೊತ್ತುಮಾಡಿದವರು ಎರಡನೇ ಖಲೀಫ ಉಮರ್. ದಿನದ ಆರಂಭ ಸೂರ್ಯಾಸ್ತಕ್ಕೆ. ಹೀಗಾಗಿ ಕ್ಯಾಲೆಂಡರಿನಲ್ಲಿ ನಾಳೆ ಎಂದು ಬರೆದಿರುವ ಪವಿತ್ರ ದಿನ ಇಂದು ಸಂಜೆಯೇ ಮೊದಲಾಗಿರುತ್ತದೆ. ‘ಶಬ್’ ಎಂದು ಶುರುವಾಗುವ ಹೆಸರಿನ ದಿನಗಳಲ್ಲಿ ರಾತ್ರಿಯೇ ಮುಖ್ಯ, ಹಗಲು ಅದರ ಹಿಂದಿನಿಂದ ಬರುತ್ತದೆ.

ಹಬ್ಬ ನಾಳೆಯೋ ನಾಡಿದ್ದೋ ಎಂದು ಕೊನೆಯ ಗಳಿಗೆಯವರೆಗೂ ತಿಳಿಯುವುದಿಲ್ಲವೇಕೆ?

ತಿಂಗಳ 29ನೇ ಸಂಜೆ ಚಂದ್ರ ಕಂಡರೆ ಮರುದಿನ ಹೊಸ ತಿಂಗಳು, ಕಾಣದಿದ್ದರೆ 30 ತುಂಬಿಸಬೇಕು. ಚಂದ್ರನ ಚಲನೆಯನ್ನು ವಿಜ್ಞಾನ ನಿಮಿಷದ ಲೆಕ್ಕದಲ್ಲಿ ಹೇಳಬಲ್ಲದು, ನಿಜ. ಅದನ್ನೇ ನಂಬಿ ವರ್ಷದ ಪಟ್ಟಿ ಮೊದಲೇ ತಯಾರಿಸಬೇಕೆಂಬ ವಿದ್ವಾಂಸರೂ ಇದ್ದಾರೆ. ಆದರೆ ನಮ್ಮ ದೇಶದ ಬಹುಪಾಲು ಮುಸ್ಲಿಮರು ಕಣ್ಣಾರೆ ಕಂಡದ್ದಕ್ಕೇ ಬೆಲೆ ಕೊಡುತ್ತಾರೆ, ಏಕೆಂದರೆ ಪ್ರವಾದಿಯವರ ಮಾತು ಹಾಗಿದೆ: ಚಂದ್ರನನ್ನು ನೋಡಿ ಉಪವಾಸ ಹಿಡಿಯಿರಿ, ಚಂದ್ರನನ್ನು ನೋಡಿ ಬಿಡಿ.

ಬೆಂಗಳೂರಿನಲ್ಲಿ ರುಯತ್-ಎ-ಹಿಲಾಲ್ ಸಮಿತಿ, ಅಂದರೆ ಚಂದ್ರದರ್ಶನ ಸಮಿತಿ, ಆ ಸಂಜೆ ಸಭೆ ಸೇರುತ್ತದೆ. ಊರೂರುಗಳಿಂದ ಬಂದ ಸಾಕ್ಷ್ಯವನ್ನು ಪರಿಶೀಲಿಸಿ ಘೋಷಿಸುತ್ತದೆ. ಅಷ್ಟರವರೆಗೆ ಅಂಗಡಿಯವನಿಗೂ ಗೊತ್ತಿಲ್ಲ, ಅಡುಗೆಮನೆಯಲ್ಲಿರುವವರಿಗೂ ಗೊತ್ತಿಲ್ಲ. ಹೊರಗಿನವರಿಗೆ ಇದು ಅವ್ಯವಸ್ಥೆಯಂತೆ ಕಾಣಬಹುದು. ಮಹಡಿ ಹತ್ತಿ ಪಡುವಣ ದಿಕ್ಕಿಗೆ ಕಣ್ಣು ನೆಟ್ಟು, ಎಳೆಯಂಥ ಚಂದ್ರ ಮೊದಲು ಯಾರಿಗೆ ಕಾಣುತ್ತದೆ ಎಂದು ಮಕ್ಕಳೆಲ್ಲ ಪೈಪೋಟಿ ನಡೆಸುವ ಆ ಅರ್ಧ ಗಂಟೆಯನ್ನು ಮುದ್ರಿತ ಪಟ್ಟಿಗೆ ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ.

ಮಂಗಳೂರಿನಲ್ಲಿ ಕೆಲವೊಮ್ಮೆ ಒಂದು ದಿನ ಮೊದಲೇ ಹಬ್ಬ ಮಾಡುತ್ತಾರಲ್ಲ?

ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಮುಸ್ಲಿಮರಿಗೆ ಕೇರಳದೊಂದಿಗೆ ಹಳೆಯ ನಂಟು. ಕೇರಳದ ಕರಾವಳಿಯಲ್ಲಿ ಚಂದ್ರ ಕಂಡರೆ ಇಲ್ಲಿನ ಖಾಜಿಗಳು, ಅಂದರೆ ಧಾರ್ಮಿಕ ತೀರ್ಮಾನ ಕೊಡುವವರು, ಅದನ್ನು ಒಪ್ಪುತ್ತಾರೆ. 2024ರಲ್ಲಿ ಹೀಗೇ ಆಯಿತು: ಕರಾವಳಿಯಲ್ಲಿ ಏಪ್ರಿಲ್ 10ರಂದು ಹಬ್ಬ, ಬೆಂಗಳೂರು ಮತ್ತು ಬಯಲುಸೀಮೆಯಲ್ಲಿ 11ರಂದು. ಪಂಥದ ವ್ಯತ್ಯಾಸವೂ ಇದೆ. ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪದ್ಧತಿಯವರು, ಒಳನಾಡಿನವರು ಹೆಚ್ಚಾಗಿ ಹನಫಿ ಪದ್ಧತಿಯವರು. ಎರಡೂ ಸುನ್ನಿಗಳ ಧರ್ಮಶಾಸ್ತ್ರದ ಪದ್ಧತಿಗಳೇ. ಇದನ್ನು ಜಗಳ ಎಂದು ತಿಳಿಯಬೇಡಿ.

ಭಟ್ಕಳ, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಮಗ ಕೊಲ್ಲಿ ದೇಶದಲ್ಲಿರುತ್ತಾನೆ. ಸೌದಿ ಅರೇಬಿಯಾದಲ್ಲಿ ಸಾಮಾನ್ಯವಾಗಿ ನಮಗಿಂತ ಒಂದು ದಿನ ಮೊದಲೇ ಹಬ್ಬ. 2025ರಲ್ಲಿ ಅಲ್ಲಿ ಮಾರ್ಚ್ 30, ಇಲ್ಲಿ 31. ಮಗ ಹಬ್ಬದ ನಮಾಜ್ ಮುಗಿಸಿ ವಿಡಿಯೊ ಕರೆ ಮಾಡಿದಾಗ ತಾಯಿ ಇನ್ನೂ ಉಪವಾಸದಲ್ಲಿರುತ್ತಾಳೆ.

ಒಟ್ಟು ಎಷ್ಟು ಹಬ್ಬ?

ಧರ್ಮ ವಿಧಿಸಿದ ಹಬ್ಬಗಳು ಎರಡೇ: ಈದ್-ಉಲ್-ಫಿತ್ರ್ ಮತ್ತು ಈದ್-ಉಲ್-ಅಜ್ಹಾ. ನಾವು ರಂಜಾನ್, ಬಕ್ರೀದ್ ಎನ್ನುವುದು ಇವನ್ನೇ. ಎಲ್ಲ ಪಂಥದವರೂ ಒಪ್ಪುವುದು ಈ ಎರಡನ್ನು. ಉಳಿದವುಗಳಲ್ಲಿ ಕೆಲವು ಚರಿತ್ರೆಯ ನೆನಪು, ಕೆಲವು ಆರಾಧನೆಯ ರಾತ್ರಿಗಳು, ಕೆಲವು ಸೂಫಿ ಸಂತರ ಉರುಸುಗಳು. ಇವುಗಳ ವಿಷಯದಲ್ಲಿ ಮನೆ ಮನೆಗೂ ರೂಢಿ ಬೇರೆ. ‘ನಿಮ್ಮ ಗೆಳೆಯ ಆಚರಿಸುವುದಿಲ್ಲವಂತೆ, ನೀವು ಮಾಡುತ್ತೀರಲ್ಲ’ ಎಂಬ ಪ್ರಶ್ನೆಗೆ ಇದೇ ಉತ್ತರ. ಪ್ರತಿ ಶುಕ್ರವಾರ ಮಧ್ಯಾಹ್ನದ ಜುಮ್ಮಾ ನಮಾಜ್ ವಾರದ ಪವಿತ್ರ ಸಮಯ, ಆದರೆ ಅಂದು ದಿನವಿಡೀ ಕೆಲಸ ಬಿಡಬೇಕೆಂಬ ನಿಯಮವಿಲ್ಲ.

ಮೊಹರಂ ಹೊಸ ವರ್ಷವಲ್ಲವೇ? ಶುಭಾಶಯ ಹೇಳಬಹುದೇ?

ಹಿಜರಿ ವರ್ಷದ ಮೊದಲ ತಿಂಗಳು ಮೊಹರಂ, ಹೌದು. ಆದರೆ ಜನರ ಮನಸ್ಸಿನಲ್ಲಿ ಆ ತಿಂಗಳು ನಿಂತಿರುವುದು ಹತ್ತನೆಯ ದಿನದಿಂದ. ಕ್ರಿ.ಶ. 680ರ ಅಕ್ಟೋಬರಿನಲ್ಲಿ, ಇಂದಿನ ಇರಾಕಿನ ಕರ್ಬಲಾ ಬಯಲಿನಲ್ಲಿ, ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರನ್ನೂ ಅವರ ಜೊತೆಗಿದ್ದ ಬಂಧುಬಳಗದವರನ್ನೂ ಯಜೀದನ ಸೈನ್ಯ ಕೊಂದಿತು. ಅನ್ಯಾಯದ ಅರಸನಿಗೆ ನಿಷ್ಠೆ ಒಪ್ಪಿಸಲು ಹುಸೇನರು ನಿರಾಕರಿಸಿದ್ದರು. ಯೂಫ್ರೆಟಿಸ್ ನದಿ ಕಣ್ಣಳತೆಯಲ್ಲೇ ಇದ್ದರೂ ಅವರ ಬಿಡಾರಕ್ಕೆ ನೀರು ಸಿಗದಂತೆ ಸೈನ್ಯ ಕಾವಲು ಹಾಕಿತ್ತು. ನೀರಡಿಸಿದ ಹಾಲುಗೂಸೂ ಬಾಣಕ್ಕೆ ಬಲಿಯಾದ ಕಥೆಯನ್ನು ಇಂದಿಗೂ ಕಣ್ಣೀರಿಲ್ಲದೆ ಹೇಳಲಾಗದು. ಮೊಹರಂ ದಿನ ಬೀದಿಬೀದಿಯಲ್ಲಿ ಶರಬತ್ತು, ನೀರು ಹಂಚುವುದು ಆ ಬಾಯಾರಿಕೆಯ ನೆನಪಿಗೆ.

ಆದ್ದರಿಂದ ‘ಮೊಹರಂ ಹಬ್ಬದ ಶುಭಾಶಯಗಳು’ ಎಂದು ಸಂದೇಶ ಕಳಿಸಬೇಡಿ. ಸದುದ್ದೇಶದಿಂದ ಕಳಿಸಿದರೂ ಅದು ಶೋಕದ ಮನೆಗೆ ಹೋಗಿ ಅಭಿನಂದಿಸಿದಂತಾಗುತ್ತದೆ. ಶಿಯಾ ಪಂಥದವರು ಕಪ್ಪು ಬಟ್ಟೆ ತೊಟ್ಟು, ಮಜ್ಲಿಸ್‌ಗಳಲ್ಲಿ ಕರ್ಬಲಾದ ಕಥನ ಕೇಳಿ, ಎದೆ ಬಡಿದುಕೊಂಡು ಮಾತಂ ಮಾಡುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಊರು. ಅಲ್ಲಿ ಈ ಶೋಕಾಚರಣೆ ಇಡೀ ಊರಿನದಾಗಿರುತ್ತದೆ. ಸುನ್ನಿಗಳಲ್ಲಿ ಅನೇಕರು ಮೊಹರಂನ ಒಂಬತ್ತು ಮತ್ತು ಹತ್ತನೇ ದಿನ ಉಪವಾಸ ಹಿಡಿಯುತ್ತಾರೆ. ಪ್ರವಾದಿ ಮೂಸಾ ಮತ್ತು ಅವರ ಜನ ಫರೋನನ ಕೈಯಿಂದ ಪಾರಾದ ದಿನವೂ ಅದೇ ಎಂಬುದು ಆ ಉಪವಾಸಕ್ಕೆ ಕಾರಣ.

ಮುಸ್ಲಿಮರೇ ಇಲ್ಲದ ಹಳ್ಳಿಯಲ್ಲೂ ಅಲಾಯಿ ಕುಣಿ (ಮೊಹರಂನ ಬೆಂಕಿ ಕುಣಿ) ತೋಡುತ್ತಾರಲ್ಲ, ಇದು ಹೇಗೆ?

ಉತ್ತರ ಕರ್ನಾಟಕದ ಮೊಹರಂ ತಿಳಿಯದೆ ಈ ನಾಡಿನ ಮುಸ್ಲಿಂ ಹಬ್ಬಗಳ ಮಾತು ಪೂರ್ತಿಯಾಗುವುದಿಲ್ಲ. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರಲ್ಲಿ ಹಲವರು ಶಿಯಾ ಪಂಥದವರಾಗಿದ್ದರು. ಅವರ ಕಾಲದಿಂದ ಬೇರೂರಿದ ಆಚರಣೆ ಅರಮನೆ ಬಿಟ್ಟು ಹಳ್ಳಿಗೆ ಇಳಿಯಿತು, ಇಳಿದ ಮೇಲೆ ಹಳ್ಳಿಯದೇ ಆಯಿತು.

ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಅಲಾಯಿ ಕುಣಿಗೆ ಗುದ್ದಲಿ ಹಾಕುತ್ತಾರೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು, ಅಂದರೆ ಹಸ್ತದಾಕಾರದ ಲೋಹದ ಲಾಂಛನಗಳನ್ನು, ಹೊರತೆಗೆದು ತೊಳೆದು, ಬಣ್ಣದ ಬಟ್ಟೆ ಸುತ್ತಿ, ಹೂವು ಏರಿಸಿ ನಿಲ್ಲಿಸುತ್ತಾರೆ. ಜನ ಇವನ್ನು ಪೀರಲ ದೇವರು ಎನ್ನುತ್ತಾರೆ. ಹರಕೆ ಹೊತ್ತವರು ಸಕ್ಕರೆ ಓದಿಸುತ್ತಾರೆ, ಲೋಬಾನ ಹಾಕುತ್ತಾರೆ, ಮಕ್ಕಳಿಗೆ ಕೆಂಪು ಲಾಡಿ ಕಟ್ಟಿ ಫಕೀರರನ್ನಾಗಿ ಮಾಡುತ್ತಾರೆ. ಮೈಗೆ ಬಣ್ಣ ಬಳಿದುಕೊಂಡ ಹುಲಿವೇಷದವರು ಮನೆ ಮನೆಗೆ ಬರುತ್ತಾರೆ. ಒಂಬತ್ತನೆಯ ದಿನ ಖತಲ್ ರಾತ್ರಿ. ಕುಣಿಯಲ್ಲಿ ಕಟ್ಟಿಗೆ ಧಗಧಗ ಉರಿಯುತ್ತಿರುತ್ತದೆ, ಸುತ್ತ ಹಲಗಿಯ ಬಡಿತ, ಗೆಜ್ಜೆ ಕಟ್ಟಿದ ತರುಣರ ಹೆಜ್ಜೆ. ರಿವಾಯತ್ ಹಾಡುವವರು ಎರಡು ಮೇಳಗಳಾಗಿ ನಿಂತು ಕರ್ಬಲಾದ ಕಥೆಯನ್ನು ಅಪ್ಪಟ ಕನ್ನಡದಲ್ಲಿ ಸವಾಲು ಜವಾಬಿನಂತೆ ಬೆಳಗಿನ ತನಕ ಹಾಡುತ್ತಾರೆ. ಹಾಡುಗಾರರಲ್ಲಿ ಲಿಂಗಾಯತರು, ಕುರುಬರು, ನಾಯಕರು, ದಲಿತರು ಎಲ್ಲರೂ ಇರುತ್ತಾರೆ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತದೆ. ಮೆರವಣಿಗೆ ಮುಗಿಸಿ ಮರಳುವಾಗ ವಾದ್ಯಗಳು ಸುಮ್ಮನಾಗಿರುತ್ತವೆ, ಹಾಡು ಮಾತ್ರ ಅಳುವ ದನಿಯಲ್ಲಿ ಸಾಗುತ್ತದೆ. ಮನೆಗಳಲ್ಲಿ ಚೊಂಗೆ, ಮಾಲದಿ ಎಂಬ ಸಿಹಿತಿಂಡಿ ಮಾಡುತ್ತಾರೆ.

ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಇವುಗಳಲ್ಲೆಲ್ಲ ಹೆಸರುವಾಸಿ. ಹುಸೇನಿ ಆಲಂ ದರ್ಗಾದ ಮುಂದೆ ಸೇರುವ ಜನಸಾಗರದಲ್ಲಿ ಯಾರು ಯಾವ ಜಾತಿ ಎಂದು ಹುಡುಕಲು ಸಾಧ್ಯವಿಲ್ಲ. ಮುಸ್ಲಿಂ ಕುಟುಂಬ ಒಂದೂ ಇಲ್ಲದ ಹಳ್ಳಿಗಳಲ್ಲಿ ಊರವರೇ ಮಸೂತಿಗೆ ಸುಣ್ಣ ಹೊಡೆದು, ಫಾತಿಹಾ ಓದಲು ಪಕ್ಕದ ಊರಿನಿಂದ ಮುಲ್ಲಾನನ್ನು ಕರೆಸಿ ಹಬ್ಬ ನಡೆಸುತ್ತಾರೆ. ಹುಸೇನರು ಅನ್ಯಾಯಕ್ಕೆ ತಲೆಬಾಗದೆ ಸತ್ತ ವೀರ. ಅಂಥವನನ್ನು ನಮ್ಮ ಜನಪದ ಎಂದಾದರೂ ಹೊರಗೆ ನಿಲ್ಲಿಸಿದ್ದುಂಟೇ?

ಕೆಲವು ಮುಸ್ಲಿಮರೇ ಇದನ್ನು ಒಪ್ಪುವುದಿಲ್ಲವಲ್ಲ?

ನಿಜ. ಪಂಜಾ ಕೂರಿಸುವುದು, ಬೆಂಕಿ ತುಳಿಯುವುದು, ಹರಕೆ ಹೊರುವುದು ಧರ್ಮದಲ್ಲಿಲ್ಲ ಎಂದು ಅನೇಕ ಉಲೇಮಾಗಳು, ಅಂದರೆ ಧರ್ಮಪಂಡಿತರು, ಹೇಳುತ್ತಾರೆ. ಆ ಮಾತಿನ ಪ್ರಭಾವದಿಂದ ಹಳ್ಳಿಗಳ ಮುಸ್ಲಿಂ ತರುಣರಲ್ಲಿ ಕೆಲವರು ದೂರ ಸರಿದಿದ್ದಾರೆ. ನಂಬಿಕೆಯ ವಿಷಯದಲ್ಲಿ ಅವರ ನಿಲುವನ್ನು ಗೌರವಿಸುತ್ತೇನೆ. ಆದರೆ ರಿವಾಯತ್ ಪದಗಳು ಅವುಗಳನ್ನು ಬಲ್ಲ ಹಿರಿಯರೊಂದಿಗೆ ಮಣ್ಣುಪಾಲಾಗುತ್ತಿರುವುದು ಕನ್ನಡಕ್ಕೆ ದೊಡ್ಡ ನಷ್ಟ. ಆಚರಣೆ ಬಿಟ್ಟವರೂ ಹಾಡನ್ನು ಬರೆದಿಟ್ಟುಕೊಳ್ಳಬಹುದು, ಧ್ವನಿಮುದ್ರಿಸಿ ಇಡಬಹುದು.

ಸಫರ್ ತಿಂಗಳು ಅಶುಭವೇ?

ಅಲ್ಲ. ಮದುವೆ, ಗೃಹಪ್ರವೇಶ ಬೇಡ ಎನ್ನುವ ಹಿರಿಯರಿದ್ದಾರೆ, ಆದರೆ ಸಫರ್ ಅಪಶಕುನ ಎಂಬ ನಂಬಿಕೆಯನ್ನು ಪ್ರವಾದಿಯವರೇ ತಳ್ಳಿಹಾಕಿದ್ದಾರೆ.

ಈದ್ ಮಿಲಾದ್ ದಿನ ಏನು ಮಾಡುತ್ತಾರೆ?

ರಬೀವುಲ್ ಅವ್ವಲ್ ತಿಂಗಳ ಹನ್ನೆರಡು ಪ್ರವಾದಿ ಮುಹಮ್ಮದರ ಜನ್ಮದಿನ. ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 570ರಲ್ಲಿ, ಮಕ್ಕಾದಲ್ಲಿ. 632ರಲ್ಲಿ ಮದೀನಾದಲ್ಲಿ ತೀರಿಕೊಂಡದ್ದೂ ಇದೇ ತಿಥಿಯಂದು ಎಂದು ಸಂಪ್ರದಾಯ ಹೇಳುತ್ತದೆ, ಹಾಗಾಗಿ ಹಳಬರು ಇದನ್ನು ಬಾರಾ ವಫಾತ್ ಎಂದೂ ಕರೆಯುತ್ತಾರೆ. ಶಿಯಾಗಳು ಜನ್ಮದಿನವನ್ನು ಹದಿನೇಳಕ್ಕೆ ಆಚರಿಸುತ್ತಾರೆ. ಮೆರವಣಿಗೆ, ಹಸಿರು ಬಾವುಟ, ದೀಪಾಲಂಕಾರ, ಪ್ರವಾದಿಯವರ ಜೀವನ ಕುರಿತ ಭಾಷಣ, ಅನ್ನದಾನ ಇರುತ್ತವೆ. ಕರಾವಳಿಯಲ್ಲಿ ಮದರಸಾದ ಮಕ್ಕಳು ದಫ್ ಬಾರಿಸುತ್ತಾ ಹಾಡುತ್ತಾ ಸಾಲಾಗಿ ಹೋಗುವುದು, ಮನೆಗಳಲ್ಲಿ ಮೌಲೂದ್ (ಪ್ರವಾದಿಯವರ ಸ್ತುತಿ) ಓದಿಸುವುದು ರೂಢಿ. ವಿಜಯಪುರದ ಅಸಾರ್ ಮಹಲಿನಲ್ಲಿ ಪ್ರವಾದಿಯವರ ಕೇಶವಿದೆ ಎಂಬ ನಂಬಿಕೆಯಿಂದ ಆ ಕಟ್ಟಡಕ್ಕೆ ವಿಶೇಷ ಗೌರವ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಈ ದಿನಕ್ಕೆ ದೇಶವ್ಯಾಪಿ ರಜೆ ಘೋಷಿಸಿತು.

ಜನ್ಮದಿನ ಆಚರಿಸುವ ಪದ್ಧತಿ ಪ್ರವಾದಿಯವರ ಕಾಲದಲ್ಲಿರಲಿಲ್ಲ ಎಂದು ಅಹ್ಲೆ ಹದೀಸ್ ಮುಂತಾದ ಸುಧಾರಣಾವಾದಿ ಪಂಗಡದವರು ಮೆರವಣಿಗೆಯಿಂದ ದೂರವಿರುತ್ತಾರೆ.

ಗಣೇಶ ಹಬ್ಬದ ಹೊತ್ತಿಗೇ ಮಿಲಾದ್ ಬಂದರೆ ಏನು ಮಾಡುತ್ತಾರೆ ಎಂದು ಕೆಲವರು ಆತಂಕದಿಂದ ಕೇಳುತ್ತಾರೆ. 2023ರಲ್ಲಿ ಮಿಲಾದ್ ಮತ್ತು ಅನಂತ ಚತುರ್ದಶಿ ಎರಡೂ ಸೆಪ್ಟೆಂಬರ್ 28ಕ್ಕೆ ಬಂದವು. ಮುಂಬೈಯ ಮುಸ್ಲಿಮರು ತಾವಾಗಿಯೇ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿದರು, ಮಹಾರಾಷ್ಟ್ರ ಸರ್ಕಾರ ರಜೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿತು. ಕೂತು ಮಾತಾಡಿದರೆ ಇಂಥ ಸಮಸ್ಯೆ ಒಂದು ಸಂಜೆಯಲ್ಲಿ ಬಗೆಹರಿಯುತ್ತದೆ.

ಉರುಸ್ ಹಬ್ಬವೋ ಜಾತ್ರೆಯೋ?

ಸೂಫಿ ಸಂತ ತೀರಿಕೊಂಡ ದಿನದ ಸ್ಮರಣೆ ಉರುಸ್. ಸಂತನ ಆತ್ಮ ದೇವರನ್ನು ಸೇರಿದ ದಿನವಾದ್ದರಿಂದ ಅಲ್ಲಿ ದುಃಖವಿಲ್ಲ. ಗಂಧದ ಮೆರವಣಿಗೆ, ಚಿರಾಗ್, ಕವ್ವಾಲಿ ಇರುತ್ತದೆ. ಸುತ್ತ ಅಂಗಡಿ, ಬತ್ತಾಸು, ಬಳೆ, ತೊಟ್ಟಿಲು ಸೇರಿದರೆ ಜಾತ್ರೆಯೂ ಆಯಿತು.

ಕಲಬುರಗಿಯ ಖ್ವಾಜಾ ಬಂದೇ ನವಾಜರ ಉರುಸ್ ದಖ್ಖನಿನ ಅತಿ ದೊಡ್ಡ ಉರುಸುಗಳಲ್ಲೊಂದು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಅವರು ತೈಮೂರನ ದಾಳಿಯ ಕಾಲಕ್ಕೆ ಆ ನಗರ ಬಿಟ್ಟು, ಇಳಿವಯಸ್ಸಿನಲ್ಲಿ ಬಹಮನಿ ಫಿರೋಜ್ ಶಾಹನ ರಾಜ್ಯಕ್ಕೆ ಬಂದು, 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡರು. ಜಿಲ್‌ಖಾದ್ ತಿಂಗಳ ನಡುವೆ ಉರುಸ್ ನಡೆಯುತ್ತದೆ. ಉಳ್ಳಾಲದ ಸಯ್ಯದ್ ಮದನಿ ದರ್ಗಾದ ಉರುಸ್ ಐದು ವರ್ಷಕ್ಕೊಮ್ಮೆ ನಡೆಯುವ ರೂಢಿ. ನವಲಗುಂದ ತಾಲ್ಲೂಕಿನ ಯಮನೂರಿನ ರಾಜಾಬಾಗ ಸವಾರ ಉರುಸ್ ಹಿಜರಿ ಲೆಕ್ಕವನ್ನೇ ಬಿಟ್ಟು ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ. ಅಲ್ಲಿನ ಸಂತನನ್ನು ಹಿಂದೂಗಳು ಚಾಂಗದೇವ ಎಂದು ನಂಬಿ ನಡೆದುಕೊಳ್ಳುತ್ತಾರೆ. ಬಾಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿಯವರ ನೆನಪಿಗೆ ರಬೀವುಲ್ ಆಖಿರ್ ಹನ್ನೊಂದರಂದು ಮನೆಗಳಲ್ಲಿ ಊಟ ಹಾಕಿಸುವ ಗ್ಯಾರವ್ಹಿ ಕೂಡ ಇದೇ ಬಗೆಯದು.

ಶಬ್-ಎ-ಮೇರಾಜ್, ಶಬ್-ಎ-ಬರಾತ್ ಒಂದೆಯೇ?

ಬೇರೆ ಬೇರೆ. ರಜಬ್ ತಿಂಗಳ 27ರ ಶಬ್-ಎ-ಮೇರಾಜ್, ಪ್ರವಾದಿಯವರು ಒಂದೇ ರಾತ್ರಿಯಲ್ಲಿ ಮಕ್ಕಾದಿಂದ ಜೆರುಸಲೆಮ್‌ಗೆ, ಅಲ್ಲಿಂದ ಆಕಾಶಗಳಿಗೆ ಏರಿ ಹೋದ ಪಯಣದ ನೆನಪು. ದಿನಕ್ಕೆ ಐದು ಹೊತ್ತಿನ ನಮಾಜ್ ಆ ರಾತ್ರಿ ದೊರೆತದ್ದೆಂದು ನಂಬಿಕೆ. ಮೊದಲು ಐವತ್ತು ಹೊತ್ತು ವಿಧಿಸಲಾಗಿತ್ತು, ಪ್ರವಾದಿ ಮೂಸಾರ ಸಲಹೆಯಂತೆ ಮತ್ತೆ ಮತ್ತೆ ಬೇಡಿಕೊಂಡದ್ದರಿಂದ ಅದು ಐದಕ್ಕೆ ಇಳಿಯಿತು.

ಶಾಬಾನ್ ತಿಂಗಳ 15ರ ಶಬ್-ಎ-ಬರಾತ್ ಕ್ಷಮೆ ಬೇಡುವ ರಾತ್ರಿ. ಅಂದು ಖಬರಸ್ತಾನಕ್ಕೆ ಹೋಗಿ ಅಗಲಿದವರಿಗಾಗಿ ಪ್ರಾರ್ಥಿಸುತ್ತಾರೆ. ಸಮಾಧಿಗಳ ಸುತ್ತ ಕಳೆ ಕಿತ್ತು, ನೀರು ಚಿಮುಕಿಸಿ, ಹೂವಿಡುತ್ತಾರೆ. ತಂದೆಯ ತಲೆಯ ಬಳಿ ನಿಂತು ಎರಡೂ ಕೈ ಎತ್ತಿ ಮಗ ತುಟಿ ಅಲುಗಿಸುತ್ತಿರುವುದನ್ನು ನೋಡಿದರೆ ಅದು ಎಂಥ ರಾತ್ರಿ ಎಂದು ವಿವರಿಸಬೇಕಾಗಿಯೇ ಇಲ್ಲ. ಮನೆಯಲ್ಲಿ ಹಲ್ವಾ ಮಾಡಿ ಹಂಚುತ್ತಾರೆ. ಬೈಕ್ ಓಡಿಸಿಕೊಂಡು ಊರು ಸುತ್ತುವ ಹುಡುಗರಿಗೆ ಹಿರಿಯರು, ಮಸೀದಿಯ ಇಮಾಮರು ಪ್ರತಿ ವರ್ಷ ಬುದ್ಧಿ ಹೇಳುತ್ತಾರೆ. ಆ ರಾತ್ರಿಗೆ ಅಂಥ ಗದ್ದಲ ಸಲ್ಲದು.

ರಂಜಾನ್ ಉಪವಾಸದಲ್ಲಿ ನೀರೂ ಕುಡಿಯುವುದಿಲ್ಲವೇ?

ಇಲ್ಲ. ನಸುಕಿನ ಫಜ್ರ್‌ನಿಂದ ಸೂರ್ಯಾಸ್ತದ ಮಗ್ರಿಬ್‌ವರೆಗೆ ಅನ್ನವಿಲ್ಲ, ನೀರಿಲ್ಲ, ಬೀಡಿ ಸಿಗರೇಟಿಲ್ಲ, ದಾಂಪತ್ಯ ಸುಖವೂ ಇಲ್ಲ. ಕರ್ನಾಟಕದಲ್ಲಿ ಇದು ಹೆಚ್ಚುಕಡಿಮೆ 13ರಿಂದ 14 ಗಂಟೆಯ ಉಪವಾಸ. ಸುಳ್ಳು, ಚಾಡಿ, ಜಗಳದಿಂದ ನಾಲಗೆಯನ್ನು ತಡೆಯದಿದ್ದರೆ ಹಸಿದಿದ್ದದ್ದಷ್ಟೇ ಲಾಭ ಎಂದು ಪ್ರವಾದಿಯವರು ಎಚ್ಚರಿಸಿದ್ದಾರೆ. ಕುರ್‌ಆನ್ ಇಳಿದು ಬಂದ ತಿಂಗಳು ಇದೇ. ರಾತ್ರಿಯ ತರಾವೀಹ್ ನಮಾಜಿನಲ್ಲಿ ಹಾಫಿಜರು ಬಾಯಿಪಾಠದಿಂದ ಇಡೀ ಗ್ರಂಥವನ್ನು ತಿಂಗಳೊಳಗೆ ಓದಿ ಮುಗಿಸುತ್ತಾರೆ.

ಕಾಯಿಲೆಯವರು, ಪ್ರಯಾಣಿಕರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರಿಗೆ ವಿನಾಯಿತಿ ಇದೆ, ಅವರು ತಪ್ಪಿದ ದಿನಗಳನ್ನು ಬೇರೆ ತಿಂಗಳಲ್ಲಿ ತುಂಬಿಸಬಹುದು. ಮುಟ್ಟಿನ ದಿನಗಳಲ್ಲಿ ಹೆಂಗಸರು ಉಪವಾಸ ಹಿಡಿಯುವುದಿಲ್ಲ, ಅವನ್ನೂ ಆಮೇಲೆ ಪೂರೈಸುತ್ತಾರೆ. ಆದ್ದರಿಂದ ‘ನೀನೇಕೆ ಇಂದು ಉಪವಾಸವಿಲ್ಲ’ ಎಂದು ಸಹೋದ್ಯೋಗಿ ಮಹಿಳೆಯನ್ನು ಕೇಳದಿರುವುದು ಒಳ್ಳೆಯದು. ಮುಪ್ಪಿನಿಂದ ಅಥವಾ ವಾಸಿಯಾಗದ ರೋಗದಿಂದ ಎಂದಿಗೂ ಹಿಡಿಯಲಾಗದವರು ಪ್ರತಿ ದಿನಕ್ಕೆ ಒಬ್ಬ ಬಡವರಿಗೆ ಊಟ ಹಾಕಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಹಟ ಹಿಡಿಯದೆ ಮೊದಲು ವೈದ್ಯರನ್ನು ಕೇಳಲಿ. ಧರ್ಮ ಕೊಟ್ಟ ರಿಯಾಯಿತಿಯನ್ನು ಬಳಸುವುದು ಭಕ್ತಿಯ ಕೊರತೆಯಲ್ಲ.

ಅವರ ಎದುರಿಗೆ ಊಟ ಮಾಡಬಹುದೇ?

ಧಾರಾಳವಾಗಿ ಮಾಡಿ. ಉಪವಾಸ ಅವರದು. ಸಂಜೆ ಆರರ ನಂತರ ಸಭೆ ಇಟ್ಟುಕೊಳ್ಳದಿದ್ದರೆ ಅದೇ ದೊಡ್ಡ ಉಪಕಾರ. ಇಫ್ತಾರಿಗೆ ಕರೆದರೆ ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮುಂಚೆ ಹೋಗಿ. ಅಜಾನ್ ಕೇಳಿಸುವವರೆಗೂ ಎಲ್ಲರೂ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಾರೆ, ನಂತರ ಖರ್ಜೂರ, ನೀರು, ಹಣ್ಣು. ಗಂಜಿ, ಸಮೋಸಾ, ಹಲೀಮ್ ಆಮೇಲೆ ಬರುತ್ತವೆ. ಬೆಂಗಳೂರಿನ ಶಿವಾಜಿನಗರ, ಫ್ರೇಜರ್ ಟೌನಿನ ಮಸೀದಿ ರಸ್ತೆಯ ತಿಂಡಿ ಸಾಲು ಎಲ್ಲರಿಗೂ ಗೊತ್ತು. ಆದರೆ ರಂಜಾನ್ ಎಂದರೆ ಅದೇ ಎಂದು ತಿಳಿದುಕೊಂಡರೆ ತಿಂಗಳ ಮುಖ್ಯ ಭಾಗವೇ ತಪ್ಪಿಹೋಗುತ್ತದೆ.

‘ದೊಡ್ಡ ರಾತ್ರಿ’ ಯಾವುದು?

ಶಬ್-ಎ-ಖದ್ರ್. ಸಾವಿರ ತಿಂಗಳಿಗಿಂತ ಮಿಗಿಲು ಎಂದು ಕುರ್‌ಆನ್ ಹೇಳುವ ರಾತ್ರಿ. ರಂಜಾನಿನ ಕೊನೆಯ ಹತ್ತು ದಿನಗಳ ಬೆಸ ರಾತ್ರಿಗಳಲ್ಲಿ ಅದನ್ನು ಹುಡುಕಬೇಕು. ರೂಢಿಯಲ್ಲಿ 27ನೇ ರಾತ್ರಿ ಮಸೀದಿಗಳು ತುಂಬುತ್ತವೆ. ಈ ಹತ್ತು ದಿನ ಕೆಲವರು ಮಸೀದಿಯಲ್ಲೇ ಉಳಿದು ಏತಿಕಾಫ್ ಕೂರುತ್ತಾರೆ.

ಜಕಾತ್, ಫಿತ್ರಾ ಎರಡೂ ದಾನವೇ?

ಎರಡೂ ಕಡ್ಡಾಯ. ಜಕಾತ್ ಉಳಿತಾಯದ ಮೇಲಿನದು: 612 ಗ್ರಾಂ ಬೆಳ್ಳಿ ಅಥವಾ ಸುಮಾರು 87.5 ಗ್ರಾಂ ಚಿನ್ನದ ಬೆಲೆಗೆ ಸಮನಾದ ಸಂಪತ್ತು ವರ್ಷವಿಡೀ ಉಳಿದಿದ್ದರೆ ಅದರಲ್ಲಿ ಶೇ 2.5 ಬಡವರದು. ಯಾವಾಗ ಬೇಕಾದರೂ ಕೊಡಬಹುದು, ಹೆಚ್ಚಿನವರು ರಂಜಾನಿನಲ್ಲಿ ಲೆಕ್ಕ ಹಾಕುತ್ತಾರೆ. ಫಿತ್ರಾ ಮನೆಯ ಪ್ರತಿ ತಲೆಗೆ, ಹಸುಗೂಸಿಗೂ ಸೇರಿಸಿ, ಹಬ್ಬದ ನಮಾಜಿಗೆ ಮೊದಲೇ ಕೊಡಬೇಕಾದದ್ದು. ಹನಫಿಗಳು ಸುಮಾರು ಪೌಣೆ ಎರಡು ಕಿಲೋ ಗೋಧಿಯ ಬೆಲೆ ಕೊಡುತ್ತಾರೆ, ಕರಾವಳಿಯ ಶಾಫಿಗಳು ಅಕ್ಕಿಯನ್ನೇ ಅಳೆದು ಕೊಡುತ್ತಾರೆ. ಯಾವ ಮನೆಯಲ್ಲೂ ಹಬ್ಬದ ದಿನ ಒಲೆ ಉರಿಯದೆ ಉಳಿಯಬಾರದು ಎಂಬುದು ಇದರ ಉದ್ದೇಶ. ಹೀಗಾಗಿ ಹೊಸ ಬಟ್ಟೆಗಿಂತ ಫಿತ್ರಾ ಮೊದಲು.

ರಂಜಾನ್ ಹಬ್ಬದ ದಿನ ಹೇಗಿರುತ್ತದೆ?

ಬೆಳಿಗ್ಗೆ ಸ್ನಾನ, ಇದ್ದುದರಲ್ಲಿ ಒಳ್ಳೆಯ ಬಟ್ಟೆ, ಅತ್ತರು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಈದ್ಗಾಕ್ಕೆ ಹೊರಡುತ್ತಾರೆ, ದಾರಿಯುದ್ದಕ್ಕೂ ತಕ್ಬೀರ್, ಅಂದರೆ ‘ಅಲ್ಲಾಹು ಅಕ್ಬರ್’ ಎಂಬ ಸ್ಮರಣೆ. ಈ ನಮಾಜಿಗೆ ಅಜಾನ್ ಇಲ್ಲ. ಎರಡು ರಕಾತ್ (ನಮಾಜಿನ ಸುತ್ತು), ನಂತರ ಖುತ್ಬಾ ಎಂಬ ಪ್ರವಚನ, ದುವಾ ಎಂಬ ಬೇಡಿಕೆಯ ಪ್ರಾರ್ಥನೆ, ಆಲಿಂಗನ. ಮರಳುವಾಗ ಬೇರೆ ದಾರಿಯಲ್ಲಿ ಬರುವುದು ಪ್ರವಾದಿಯವರ ರೂಢಿ. ಚಿಕ್ಕವರಿಗೆ ಈದಿ, ಅಂದರೆ ಕೈಗಿಷ್ಟು ಹಣ.

ಇನ್ನು ಸುರಕುಂಬ. ರಾತ್ರಿಯೇ ಉತ್ತುತ್ತಿ ನೆನೆಹಾಕಿ ಬೀಜ ತೆಗೆದು ಉದ್ದುದ್ದ ಹೆಚ್ಚಿಡುತ್ತಾರೆ, ಬಾದಾಮಿಯ ಸಿಪ್ಪೆ ಸುಲಿದಿಡುತ್ತಾರೆ. ಬೆಳಗಿನ ಜಾವ ಕೂದಲಿನಷ್ಟು ತೆಳ್ಳಗಿನ ಶಾವಿಗೆಯನ್ನು ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿಯಬೇಕು, ಒಂದು ಗಳಿಗೆ ಮೈಮರೆತರೂ ಅದು ಕಪ್ಪಾಗುತ್ತದೆ. ಹಾಲು ಅರ್ಧಕ್ಕೆ ಕುದಿದು ಗಟ್ಟಿಯಾದ ಮೇಲೆ ಉತ್ತುತ್ತಿ, ಗೋಡಂಬಿ, ಚಾರೋಳಿ, ಗಸಗಸೆ, ಕಡೆಗೆ ಶಾವಿಗೆ. ಶಾವಿಗೆ ಹೆಚ್ಚಾದರೆ ಅದು ಪಾಯಸವಾಗುತ್ತದೆ. ಸುರಕುಂಬ ಕುಡಿಯುವಷ್ಟು ತೆಳ್ಳಗಿರಬೇಕು. ಡಬ್ಬಿಗಳಲ್ಲಿ ತುಂಬಿ ನೆರೆಮನೆಗಳಿಗೆ ಕಳಿಸುತ್ತಾರೆ. ಆ ಡಬ್ಬಿ ಖಾಲಿ ಮರಳುವುದಿಲ್ಲ, ಯುಗಾದಿಗೋ ದೀಪಾವಳಿಗೋ ಹೋಳಿಗೆ ಹೊತ್ತು ಬರುತ್ತದೆ.

ಬಕ್ರೀದ್ ಯಾವುದರ ನೆನಪು?

ಪ್ರವಾದಿ ಇಬ್ರಾಹೀಮರು ಮುದಿವಯಸ್ಸಿನಲ್ಲಿ ಪಡೆದ ಮಗ ಇಸ್ಮಾಯಿಲರನ್ನು ದೇವರ ಆಜ್ಞೆಯೆಂದು ಬಲಿಕೊಡಲು ಸಿದ್ಧರಾದರು. ಮಗನೂ ಒಪ್ಪಿದನು. ಕೊನೆಯ ಗಳಿಗೆಯಲ್ಲಿ ದೇವರು ಮಗನನ್ನು ಉಳಿಸಿ ಟಗರನ್ನು ಕಳಿಸಿದನು. ಜಿಲ್‌ಹಜ್ ತಿಂಗಳ ಹತ್ತರ ಈ ಹಬ್ಬ ಹಜ್ ಯಾತ್ರೆಯ ಜೊತೆಗೇ ಬರುತ್ತದೆ. ಯಾತ್ರಿಕರು ಒಂಬತ್ತರಂದು ಅರಫಾತ್ ಬಯಲಿನಲ್ಲಿ ನಿಲ್ಲುತ್ತಾರೆ, ಮನೆಯಲ್ಲಿರುವವರು ಅಂದು ಉಪವಾಸ ಹಿಡಿಯುತ್ತಾರೆ.

ಕುರ್ಬಾನಿ, ಅಂದರೆ ಪ್ರಾಣಿಬಲಿ, ಸ್ಥಿತಿವಂತರ ಮೇಲಿನ ಹೊಣೆ, ಸಾಲ ಮಾಡಿ ಕೊಡಬೇಕಾಗಿಲ್ಲ. ಹನಫಿಗಳಲ್ಲಿ ಮೂರು ದಿನ, ಶಾಫಿಗಳಲ್ಲಿ ನಾಲ್ಕು ದಿನ ಅವಕಾಶ. ಕುಂಟು, ಕುರುಡು, ರೋಗದ ಪ್ರಾಣಿ ಸಲ್ಲದು, ಹನಫಿಗಳಲ್ಲಿ ಆಡಿಗೆ ಒಂದು ವರ್ಷ ತುಂಬಿರಬೇಕು. ಮಾಂಸದಲ್ಲಿ ಒಂದು ಪಾಲು ಬಡವರಿಗೆ, ಒಂದು ಬಂಧುಮಿತ್ರರಿಗೆ, ಒಂದು ಮನೆಗೆ. ‘ಅವುಗಳ ಮಾಂಸವೂ ರಕ್ತವೂ ಅಲ್ಲಾಹನನ್ನು ತಲುಪುವುದಿಲ್ಲ, ನಿಮ್ಮ ಧರ್ಮನಿಷ್ಠೆ ತಲುಪುತ್ತದೆ’ ಎಂಬುದು ಕುರ್‌ಆನಿನ ಮಾತು. ದುಬಾರಿ ಟಗರು ತಂದು ಅದರ ಬೆಲೆಯನ್ನು ಮೊಬೈಲಿನಲ್ಲಿ ಮೆರೆಸುವವರು ಈ ಮಾತನ್ನು ಇನ್ನೊಮ್ಮೆ ಓದಲಿ.

ಕರ್ನಾಟಕದಲ್ಲಿ ಜಾನುವಾರು ವಧೆ ತಡೆಯುವ 2020ರ ಕಾಯ್ದೆ 2021ರಿಂದ ಜಾರಿಯಲ್ಲಿದ್ದು, ಹಸು, ಎತ್ತು, ಕರುಗಳ ವಧೆ ನಿಷಿದ್ಧ. ಕುರಿ, ಆಡು ಕುರ್ಬಾನಿಯೇ ಇಲ್ಲಿನ ರೂಢಿ. ಬಾಗಲಕೋಟೆ ಜಿಲ್ಲೆಯ ಅಮೀನಗಡದಂಥ ಸಂತೆಗಳಲ್ಲಿ ಹಬ್ಬದ ಮುಂಚಿನ ವಾರಗಳು ಕುರಿಗಾಹಿಗಳಿಗೆ ವರ್ಷದ ದುಡಿಮೆಯ ಫಲ ಕೈಸೇರುವ ಕಾಲ. ಚರ್ಮವನ್ನು ಮದರಸಾಗಳಿಗೆ ದಾನ ಕೊಡುತ್ತಾರೆ, ಈಚೆಗೆ ಅದರ ಬೆಲೆ ಕುಸಿದು ಆ ಆದಾಯ ಬಹಳ ಕಡಿಮೆಯಾಗಿದೆ. ಬೀದಿಯಲ್ಲಿ ಕೊಯ್ಯದೆ, ತ್ಯಾಜ್ಯವನ್ನು ಅಂದೇ ವಿಲೇವಾರಿ ಮಾಡಿ, ಜಾಗ ತೊಳೆದು ಸ್ವಚ್ಛವಾಗಿಡುವುದು ಕುರ್ಬಾನಿಯಷ್ಟೇ ಮುಖ್ಯವಾದ ಕರ್ತವ್ಯ ಎಂದು ನಾನು ಬಲವಾಗಿ ನಂಬಿದ್ದೇನೆ.

ನಾವು ಮಾಂಸ ತಿನ್ನುವುದಿಲ್ಲ. ಬಕ್ರೀದ್‌ಗೆ ಅವರ ಮನೆಗೆ ಹೋಗಬಹುದೇ?

ಖಂಡಿತ ಹೋಗಿ, ಮೊದಲೇ ತಿಳಿಸಿ. ಬಹಳಷ್ಟು ಮನೆಗಳಲ್ಲಿ ಸಸ್ಯಾಹಾರಿ ಗೆಳೆಯರಿಗಾಗಿಯೇ ಶಾವಿಗೆ, ಹಣ್ಣು, ಚಹಾ ಬೇರೆ ಇಟ್ಟಿರುತ್ತಾರೆ. ಏನೂ ತಿನ್ನದೆ ಹತ್ತು ನಿಮಿಷ ಕೂತು ಬಂದರೂ ಮನೆಯವರಿಗೆ ಸಂತೋಷವೇ. ‘ಈದ್ ಮುಬಾರಕ್’ ಎಂಬುದು ರಂಜಾನ್, ಬಕ್ರೀದ್ ಎರಡಕ್ಕೂ ಸಲ್ಲುತ್ತದೆ.

ಶಾಲೆ, ಕಚೇರಿಯ ಕಾರ್ಯಕ್ರಮ ಗೊತ್ತುಮಾಡುವಾಗ ಯಾವ ದಿನಗಳನ್ನು ಬಿಡಬೇಕು?

ರಾಜ್ಯ ಸರ್ಕಾರದ ಸಾರ್ವತ್ರಿಕ ರಜೆಯ ಪಟ್ಟಿಯಲ್ಲಿ ಖುತುಬ್-ಎ-ರಂಜಾನ್ (ಅಂದರೆ ರಂಜಾನ್ ಹಬ್ಬ), ಬಕ್ರೀದ್, ಮೊಹರಂ ಕಡೇ ದಿನ, ಈದ್ ಮಿಲಾದ್ ಇರುತ್ತವೆ. ಶಬ್-ಎ-ಬರಾತ್, ಶಬ್-ಎ-ಖದ್ರ್‌ನಂಥವು ಪರಿಮಿತ ರಜೆಗಳು. ಪಟ್ಟಿಯಲ್ಲಿರುವ ದಿನಾಂಕ ಅಂದಾಜಿನದು, ಚಂದ್ರನ ಮೇಲೆ ಒಂದು ದಿನ ಆಚೀಚೆ ಆಗಬಹುದು. ಆದ್ದರಿಂದ ರಂಜಾನ್, ಬಕ್ರೀದ್‌ನ ಹಿಂದಿನ ದಿನಕ್ಕೂ ಮರುದಿನಕ್ಕೂ ಪರೀಕ್ಷೆ, ಸಂದರ್ಶನ ಇಟ್ಟುಕೊಳ್ಳಬೇಡಿ. ರಂಜಾನ್ ತಿಂಗಳಲ್ಲಿ ಓಟ, ಕಬಡ್ಡಿಯಂಥ ಪಂದ್ಯಗಳಿದ್ದರೆ ಬೆಳಿಗ್ಗೆಯೇ ಮುಗಿಸಿ. ಶಬ್-ಎ-ಖದ್ರ್‌ನ ಮರುದಿನ ಬೆಳಗಿನ ಪಾಳಿಯನ್ನು ಬೇರೆಯವರೊಂದಿಗೆ ಬದಲಿಸಿಕೊಳ್ಳಲು ಯಾರಾದರೂ ಕೇಳಿದರೆ ಅವಕಾಶ ಕೊಡಿ, ಅವರು ರಾತ್ರಿಯಿಡೀ ಮಲಗಿರುವುದಿಲ್ಲ.